ಅಪ್ಪನಿಗೊಂದು ಹಳೇ ಪಿಕಪ್: ಹೇರು, ಚೆಸಿ, ಕಾಗದ ನೋಡಿ ಕೊಳ್ಳುವುದು ಹೇಗೆ?

ಕಬ್ಬಿನ ಬಿಲ್ ಕೈಗೆ ಬಂತೆಂದರೆ ಅರವತ್ತು ದಾಟಿದ ಅಪ್ಪನಿಗೂ ‘ಮನೀಗೊಂದು ಪಿಕಪ್ ಇರಲಿ’ ಅನಿಸುತ್ತದೆ. ಮಕ್ಕಳು ತಕ್ಷಣ ಮೊಬೈಲಿನಲ್ಲಿ ಗಾಡಿ ಹುಡುಕಲು ಕೂಡುತ್ತಾರೆ. ಅದಕ್ಕೂ ಮೊದಲು ಅಪ್ಪನ ಹತ್ತಿರ ಕೂತು ಹೇರಿನ ಲೆಕ್ಕ ಹಾಕಿ.

ಯೂರಿಯಾ ಚೀಲ 45 ಕೆ.ಜಿ. ಹದಿನೈದು ಚೀಲಕ್ಕೆ 675 ಕೆ.ಜಿ. ಆಯಿತು, ಅಷ್ಟಕ್ಕೆ ಟಾಟಾ ಏಸ್ ಸಾಕು. ಅದೇ 25 ಚೀಲ ಉಳ್ಳಾಗಡ್ಡಿ ಒಂದೇ ಸಲಕ್ಕೆ ಮಾರ್ಕೆಟ್ ಮುಟ್ಟಬೇಕೆಂದರೆ, ಚೀಲಕ್ಕೆ 50 ಕೆ.ಜಿ. ಹಿಡಿದರೂ 1250 ಕೆ.ಜಿ.; ಬೊಲೆರೊ ಪಿಕಪ್ಪೋ ಅಶೋಕ್ ಲೇಲ್ಯಾಂಡ್ ದೋಸ್ತೋ ಬೇಕು. ವರ್ಷಕ್ಕೆ ಎರಡೇ ಸಲ ಅಂಥ ಹೇರು ಬೀಳುವುದಾದರೆ ಆ ಎರಡು ದಿನ ಬಾಡಿಗೆ ಗಾಡಿ ಮಾಡುವುದೇ ಅಗ್ಗ.

ಹೇರಿನ ನಂತರ ಅಪ್ಪನ ಮೊಣಕಾಲು. ಗಾಡಿಯಲ್ಲಿ ಅವರನ್ನೇ ಕೂಡಿಸಿ, ಐದಾರು ಸಲ ಹತ್ತಿ ಇಳಿಯಲಿ, ಹತ್ತು ಸಲ ಕ್ಲಚ್ ತುಳಿಯಲಿ. ಹಳೇ ಏಸ್‌ಗಳಲ್ಲಿ ಪವರ್ ಸ್ಟೀರಿಂಗ್ ಇಲ್ಲ. ಹೇರು ತುಂಬಿಕೊಂಡು ಸಂತೆಯ ಇಕ್ಕಟ್ಟಿನಲ್ಲಿ ತಿರುಗಿಸುವಾಗ ಭುಜ ಹಿಡಿಯುತ್ತದೆ. ಅದರ ಎಂಜಿನ್ ಇರುವುದು ಸೀಟಿನ ಕೆಳಗೆ, ಆಯಿಲ್ ನೋಡಲೂ ಸೀಟು ಎತ್ತಬೇಕು. ಹಿಂಬಾಗಿಲಿನ ಕೊಂಡಿಗಳನ್ನು ಅಪ್ಪ ಒಬ್ಬರೇ ಬಿಚ್ಚಿ ಹಾಕಬಲ್ಲರೇ ಎಂಬುದನ್ನೂ ಅಲ್ಲೇ ನೋಡಿಬಿಡಿ.

ಬೆಳಿಗ್ಗೆ ಹೋಗಿ, ಎಂಜಿನ್ ಮುಟ್ಟಿ ನೋಡಿ

ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಆ ದಿನ ತಿರುಗಿ ಬನ್ನಿ. ಎಂಜಿನ್‌ನ ರೋಗ ಗೊತ್ತಾಗುವುದು ತಣ್ಣಗಿದ್ದಾಗ ಚಾಲೂ ಮಾಡಿದರೇ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ದಟ್ಟ ಕಪ್ಪಾದರೆ ಇಂಜೆಕ್ಟರ್ ಅಥವಾ ಏರ್ ಫಿಲ್ಟರ್ ನೋಡಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಚಾಲೂ ಇದ್ದಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ: ತುಸು ಹಬೆ ಸಹಜ, ಬುಸುಬುಸು ಹೊಗೆ ಎದ್ದು ಮುಚ್ಚಳ ಕುಣಿದರೆ ಪಿಸ್ಟನ್ ರಿಂಗ್ ಸವೆದಿವೆ. ಅಂಥ ಗಾಡಿಗೆ ಚೌಕಾಶಿಯೂ ಬೇಡ.

ಗಾಡಿಯ ಕೆಳಗೆ ಹೋಗಲೇಬೇಕು

ಇದು ಮಗನ ಅಥವಾ ಮಗಳ ಕೆಲಸ. ಒಂದು ತಾಡಪಾಲು, ಟಾರ್ಚು, ಸ್ಕ್ರೂಡ್ರೈವರ್ ಒಯ್ಯಿರಿ. ನಮ್ಮ ಎರಿ ಹೊಲದ ಮಣ್ಣು ಚೆಸಿಯ (ಗಾಡಿಯ ಭಾರವನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟಿನ) ಸಂದಿನಲ್ಲಿ ಮೆತ್ತಿಕೊಂಡರೆ ತೇವ ಬಿಡುವುದಿಲ್ಲ. ಮೇಲಿನಿಂದ ಉದುರಿದ ಗೊಬ್ಬರ ಸೇರಿದರೆ ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಮಣ್ಣು ಕೆರೆದು ಸ್ಕ್ರೂಡ್ರೈವರಿನಿಂದ ಚುಚ್ಚಿ. ಮೇಲ್ಮೈ ತುಕ್ಕಾದರೆ ಪುಡಿಯಷ್ಟೇ ಉದುರುತ್ತದೆ. ಪದರು ಪದರಾಗಿ ಎದ್ದು ಬಂದರೆ, ತುದಿ ಒಳಗೆ ಇಳಿದರೆ, ಕೈ ಝಾಡಿಸಿ ಎದ್ದುಬಿಡಿ. ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಚೆಸಿಗೆ ಕೂಡುವ ಬ್ರ್ಯಾಕೆಟ್ ಸುತ್ತ ಕೂದಲೆಳೆಯ ಬಿರುಕು ಇದೆಯೇ, ವೆಲ್ಡಿಂಗ್ ತೇಪೆ ಇದೆಯೇ ಹುಡುಕಿ. ಇಟ್ಟಿಗೆ, ಉಸುಕು ಮಿತಿ ಮೀರಿ ಹೇರಿದ ಗಾಡಿ ಮೊದಲು ಸೀಳುವುದು ಅಲ್ಲೇ. ಎಡಬಲದ ಪಾಟಾ ಎಣಿಸಿ. ಕಂಪನಿ ಕೊಟ್ಟದ್ದಕ್ಕಿಂತ ಒಂದು ಹೆಚ್ಚಿದ್ದರೆ ಮಾಲೀಕ ಹೇಗೆ ದುಡಿಸಿದ್ದಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಳೇ ಚೆಸಿಗೆ ಮೊನ್ನೆ ಮೊನ್ನೆ ಕರಿ ಬಣ್ಣ ಬಳಿದಿದ್ದರೂ ಏನೋ ಮುಚ್ಚಿದ್ದಾರೆ ಅಂತಲೇ ತಿಳಿಯಿರಿ.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಮೇಲ್ಮೈಯ ಗೀರುಗಳು ಆಳವಾಗಿದ್ದರೂ ಆರೇಳು ವರ್ಷದ ಟೈರಿಗೆ ಬೆಲೆ ಕಟ್ಟಬೇಡಿ.

ಖಾಲಿ ಗಾಡಿ ಎಲ್ಲರ ಕೈಯಲ್ಲೂ ಚೆಂದವೇ ಓಡುತ್ತದೆ. ಸಾಧ್ಯವಾದರೆ ಹತ್ತು ಚೀಲ ಹೇರಿ ಓಡಿಸಿ. ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ಎಂಜಿನ್ ಗಕ್ಕನೆ ಬಂದ್ ಆಗಬೇಕು. ಆಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಹೊರಡುವಾಗ ಕೆಳಗೆ ‘ಟಕ್’ ಎಂದರೆ ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ದಂಡದ) ಕ್ರಾಸ್ ಎಂಬ ಕೀಲು ಸವೆದಿರುತ್ತದೆ, ಅದು ಸಣ್ಣ ಖರ್ಚು. ಎಕ್ಸಲರೇಟರ್ ಬಿಟ್ಟಾಗ ಹಿಂದಿನಿಂದ ಊಳಿಡುವ ಸದ್ದು ಹಿಂದಿನ ಗಾಲಿಗಳ ನಡುವಿನ ಗೇರುಗಳ ಡಬ್ಬಿ, ಅಂದರೆ ಡಿಫರೆನ್ಷಿಯಲ್‌ನದು, ಅದು ದೊಡ್ಡದು.

ಬೀಗರ ಗಾಡಿಯಾದರೂ ಕಾಗದ ಬೇಕು

‘ಗುರುತಿನವರದ್ದು, ಕಾಗದ ಏನು ನೋಡೂದು’ ಎಂದು ಅಪ್ಪ ಅನ್ನಬಹುದು. ಜಗಳ ತೆಗೆಯದೆ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಫಿಟ್‌ನೆಸ್ ಪ್ರಮಾಣಪತ್ರ), ವಿಮೆ ಎಲ್ಲಿಯವರೆಗಿವೆ, ಸಾಲದ ಬೋಜಾ ಇದೆಯೇ ತಿಳಿಯುತ್ತದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಎಫ್‌ಸಿ ಆಗಬೇಕು. ಚೆಸಿ ನಂಬರನ್ನು ಸೀಮೆಎಣ್ಣೆ ಅರಿವೆಯಿಂದ ಒರೆಸಿ, ಆರ್‌ಸಿ ಜತೆ ಒಂದೊಂದೇ ಅಕ್ಷರ ಹೊಂದಿಸಿ. ಸಾಲ ತೀರಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ, ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು.

ಕೊಲ್ಲಾಪುರದ ಎಂಎಚ್ 09, ಸಾಂಗ್ಲಿಯ 10, ಸೊಲ್ಲಾಪುರದ 13 ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ, ಬೆಲೆಗೆ ಕೂಡಿಸಿಯೇ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕೆಎ 22, 28, 29ರ ಗಾಡಿಗಳ ಜತೆ ತೂಗಿ ನೋಡಿ.

ಒಟ್ಟು ತೂಕ 3000 ಕೆ.ಜಿ. ಮೀರದಿದ್ದರೆ ಪರ್ಮಿಟ್ ಬೇಕಿಲ್ಲ. ಕಾರಿನ ಲೈಸೆನ್ಸ್ ಇದ್ದರೆ 7500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅಪ್ಪನ ಲೈಸೆನ್ಸಿನ ತಾರೀಖು ಮಾತ್ರ ನೋಡಿ. 55 ದಾಟಿದ ಮೇಲೆ ನವೀಕರಿಸಿದರೆ ಐದೈದು ವರ್ಷಕ್ಕೇ ಸಿಗುತ್ತದೆ, ಫಾರ್ಮ್ 1ಎ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಇನ್ನೊಂದು ಮಾತು: ಸವದತ್ತಿ ಯಲ್ಲಮ್ಮನ ಜಾತ್ರೆಗೆ ಓಣಿಯವರನ್ನೆಲ್ಲ ಹಿಂದೆ ಹತ್ತಿಸಿಕೊಂಡು ಹೋಗುವಂತಿಲ್ಲ. ಸರಕು ಗಾಡಿಯ ವಿಮೆಯಲ್ಲಿ ಅವರಿಗೆ ರಕ್ಷಣೆ ಇಲ್ಲ.

ಬೆಲೆಯ ಮಾತು ಅಪ್ಪನಿಗೇ ಬಿಡಿ. ಎತ್ತಿನ ಸಂತೆಯಲ್ಲಿ ಪಳಗಿದವರ ಎದುರು ನಿಮ್ಮ ಚೌಕಾಶಿ ಏನೂ ಅಲ್ಲ. ನೀವು ಕಂಡ ದೋಷಗಳನ್ನೂ ರಿಪೇರಿ ಖರ್ಚನ್ನೂ ಚೀಟಿಯಲ್ಲಿ ಬರೆದು ಮೊದಲೇ ಅವರ ಕಿಸೆಗೆ ಹಾಕಿ. ಸಂಚಕಾರ ಕೊಡುವಾಗ ಗಾಡಿ ನಂಬರ್, ಒಪ್ಪಿದ ಬೆಲೆ, ಬಾಕಿ, ‘ಕಾಗದ ಸರಿ ಇಲ್ಲದಿದ್ದರೆ ಹಣ ವಾಪಸ್’ ಎಂಬ ಸಾಲು ಬರೆಸಿ, ಇಬ್ಬರ ಸಹಿ ತೆಗೆದುಕೊಳ್ಳಿ. ಪೂರ್ತಿ ಹಣ ಕೊಟ್ಟು ಗಾಡಿ ಪಡೆಯುವ ದಿನ ತಾರೀಖಿನ ಜತೆ ವೇಳೆಯನ್ನೂ ಬರೆಸಿ. ಅದರ ಹಿಂದಿನ ದಂಡಗಳೆಲ್ಲ ಮಾರಿದವರ ಪಾಲು. ವಿಮೆಯನ್ನು 14 ದಿನದೊಳಗೆ ಅಪ್ಪನ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಮನೆಗೆ ಬಂದ ಗಾಡಿಗೆ ಪೂಜೆ ಆದ ಕೂಡಲೇ ಎಂಜಿನ್ ಆಯಿಲ್, ಆಯಿಲ್, ಡೀಸೆಲ್, ಏರ್ ಮೂರೂ ಫಿಲ್ಟರ್, ಬ್ರೇಕ್ ಆಯಿಲ್ ಬದಲಿಸಿ. ಹಿಂದಿನವರು ಯಾವಾಗ ಬದಲಿಸಿದ್ದರು ಎಂದು ಕೇಳುತ್ತಾ ಕೂಡಬೇಡಿ.