ಕರಾವಳಿಯ ವಿಂಟೇಜ್ ಶೈಲಿಯ ಕಾರಿಗೆ ಡೋರ್ ಪ್ಯಾಡ್: ನೀರು ಮೊದಲು, ಬಣ್ಣ ಆಮೇಲೆ

ಕಾರಿನ ಬಾಗಿಲಿನ ಒಳಮೈ ಮುಚ್ಚುವ ಡೋರ್ ಪ್ಯಾಡ್‌ನ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ರೆಕ್ಸಿನ್ ಯಾವ ಬಣ್ಣ, ಹೊಲಿಗೆ ಯಾವ ಡಿಸೈನ್ ಅಂತ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಹೊಯ್ಯುವ, ಬೇಸಿಗೆಯಲ್ಲೂ ಗಾಳಿಯಲ್ಲಿ ಉಪ್ಪಿರುವ ಮಂಗಳೂರಿನಲ್ಲಿ ಆ ಪ್ರಶ್ನೆ ಕೊನೆಗೆ ಬರಬೇಕು. 1960ರ ದಶಕದ ಎರಡು ಸೀಟಿನ ಓಪನ್ ಕಾರಿನ ಮಾದರಿಯಲ್ಲಿ ಕಟ್ಟಿದ ಫೈಬರ್ ಬಾಡಿಯ ಗಾಡಿಗೆ ನಾನು ಪ್ಯಾಡ್ ಆರಿಸಿದ್ದು ಒಳಗಿನಿಂದ ಹೊರಕ್ಕೆ. ನೀರು ಹೋಗುವ ದಾರಿ, ಒಳಹಲಗೆ, ಕ್ಲಿಪ್ಪು, ಕಡೆಗೆ ರೆಕ್ಸಿನ್.

ಗಾಜು ಇಳಿಯುವ ಬಾಗಿಲಿನೊಳಗೆ ನೀರು ಬಂದೇ ಬರುತ್ತದೆ. ಹೊರಗಿನ ರಬ್ಬರ್ ಪಟ್ಟಿ ಹೊಸದಿದ್ದರೂ ಗಾಜಿನ ಮೇಲೆ ಹರಿದ ನೀರು ಒಳಗಿಳಿದು ತಳದ ತೂತಿನಿಂದ ಹೊರಗೆ ಹೋಗುವುದೇ ಬಾಗಿಲಿನ ವ್ಯವಸ್ಥೆ. ಕಂಪನಿ ಕಾರಿನಲ್ಲಿ ಆ ತೂತು ಇದ್ದೇ ಇರುತ್ತದೆ. ಕಟ್ಟಿಸಿದ ಫೈಬರ್ ಬಾಗಿಲಿನಲ್ಲಿ ಅದು ಇಲ್ಲದೆಯೂ ಇರಬಹುದು, ಮೊದಲು ಬಗ್ಗಿ ನೋಡಿ. ತೀರಾ ತಗ್ಗಿನ ಜಾಗದಲ್ಲಿ 8ರಿಂದ 10 ಮಿ.ಮೀ.ನ ಎರಡು ತೂತಾದರೂ ಬೇಕು. ಕೊರೆದ ಅಂಚಿಗೆ ರೆಸಿನ್ (ಫೈಬರನ್ನು ಗಟ್ಟಿ ಮಾಡುವ ಅಂಟುದ್ರವ) ಸವರಬೇಕು, ಇಲ್ಲದಿದ್ದರೆ ಫೈಬರ್ ಎಳೆಗಳ ಗುಂಟ ನೀರು ಏರುತ್ತದೆ.

ಆಮೇಲೆ ಪಾಲಿಥೀನ್. ಪ್ಯಾಡಿನ ಹಿಂದೆ 150ರಿಂದ 200 ಮೈಕ್ರಾನ್ ದಪ್ಪದ ಹಾಳೆಯನ್ನು ಬ್ಯುಟೈಲ್ ಟೇಪಿನಿಂದ ಸುತ್ತಲೂ ಅಂಟಿಸಿ, ಕೆಳಗಿನ ಅಂಚನ್ನು ಮಾತ್ರ ಬಾಗಿಲಿನ ಹೊಟ್ಟೆಯೊಳಕ್ಕೆ ಮಡಚಿ ಬಿಡಬೇಕು. ಹಾಳೆಯ ಮೇಲೆ ಇಳಿದ ನೀರು ತಿರುಗಿ ಬಾಗಿಲಿನೊಳಗೇ ಬೀಳುವುದು ಹೀಗೆ. ಕೆಳಗಿನ ಅಂಚನ್ನು ಹೊರಗೆ ಅಂಟಿಸಿದರೆ ಅದೇ ನೀರು ಪ್ಯಾಡಿನ ಬುಡಕ್ಕೆ ಬರುತ್ತದೆ. ಕೊಳೆತ ಪ್ಯಾಡುಗಳಲ್ಲಿ ಹೆಚ್ಚಿನವು ಕೆಳಗಿನ ಎರಡಿಂಚಿನಲ್ಲೇ ಕೊಳೆಯಲು ಕಾರಣ ಇದು. ಪರೀಕ್ಷೆ ಸುಲಭ. ಹಾಳೆಯ ಈಚೆಗೆ ನ್ಯೂಸ್ ಪೇಪರ್ ತುಂಡುಗಳನ್ನು ಸಿಕ್ಕಿಸಿ, ಗಾಜಿನ ಮೇಲೆ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಒಂದು ತುಂಡು ಒದ್ದೆಯಾದರೂ ಪ್ಯಾಡಿನ ಕೆಲಸ ಶುರು ಮಾಡಬೇಡಿ.

ಈಗ ಒಳಹಲಗೆ. ಹಳೇ ಕಾರುಗಳಲ್ಲಿ ಇರುತ್ತಿದ್ದದ್ದು ಹಾರ್ಡ್‌ಬೋರ್ಡ್. ಅಪ್ಪಟ ಹಳೇ ಕಾರನ್ನು ಇದ್ದ ಹಾಗೇ ಉಳಿಸುವವರಿಗೆ ಅದೇ ಸರಿ, ಆದರೆ ಹೊಸದಾಗಿ ಕಟ್ಟುವ ಕಾರಿಗೆ ಇಲ್ಲಿ ಅದನ್ನು ಹಾಕಲು ಕಾರಣವೇ ಇಲ್ಲ. ತೇವ ಎಳೆದು ಉಬ್ಬುತ್ತದೆ, ಕ್ಲಿಪ್ಪಿನ ತೂತು ಹರಿದುಹೋಗುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಇನ್ನೂ ಕಡೆ. ಮರೈನ್ ಪ್ಲೈಗಿರುವ ಭಾರತೀಯ ಮಾನಕ ಐಎಸ್ 710ರ ಗುರುತಿನ 4 ಮಿ.ಮೀ. ಮರೈನ್ ಪ್ಲೈ ಒಳ್ಳೆಯದು, ಹಗುರ. ಕತ್ತರಿಸಿದ ಅಂಚಿಗೂ ಪ್ರತಿ ತೂತಿಗೂ ಎಪಾಕ್ಸಿ ಕುಡಿಸಿದರೆ ಬಾಳುತ್ತದೆ. ಅಲ್ಯೂಮಿನಿಯಂ ತಗಡು ರೇಸಿಂಗ್ ಕಾರಿನ ಹಾಗೆ ಚಂದ ಕಾಣುತ್ತದೆ, ಆದರೆ ಬಿಸಿಲಿಗೆ ಕಾಯುತ್ತದೆ, ಗಡಗಡ ಅನ್ನುತ್ತದೆ, ಉಪ್ಪುಗಾಳಿಯಲ್ಲಿ ಸ್ಟೀಲ್ ಸ್ಕ್ರೂ ತಾಗಿದ ಕಡೆ ಬಿಳಿ ಪುಡಿ ಏಳುತ್ತದೆ. ನೈಲಾನ್ ವಾಷರ್ ಇಲ್ಲದೆ ಅದನ್ನು ಹಾಕಬಾರದು. ಎಬಿಎಸ್ ಪ್ಲಾಸ್ಟಿಕ್ ಶೀಟು ನೀರು ಕುಡಿಯುವುದಿಲ್ಲ. ಆದರೆ 700 ಮಿ.ಮೀ. ಉದ್ದದ ಶೀಟು 40 ಡಿಗ್ರಿ ಬಿಸಿ ಏರಿದರೆ ಎರಡು ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ. ತೂತುಗಳನ್ನು ಉದ್ದಕ್ಕೆ ಕೊರೆಯದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಹೊಟ್ಟೆ ಬಂದಂತೆ ಉಬ್ಬುತ್ತದೆ.

ನಾನು ಆರಿಸಿದ್ದು ಫೈಬರ್. ಮಲ್ಪೆಯಲ್ಲೂ ಮಂಗಳೂರು ಬಂದರಿನ ಸುತ್ತಲೂ ದೋಣಿ ಕೆಲಸಕ್ಕೆ ಬೇಕಾದ ಗಾಜಿನ ಎಳೆಯ ಮ್ಯಾಟ್, ರೆಸಿನ್ ಸಿಗುತ್ತವೆ, ಕೈಪಳಗಿದ ಕೆಲಸಗಾರರೂ ಇದ್ದಾರೆ. ಈ ಅನುಕೂಲ ಬಿಟ್ಟು ಬೇರೆ ಊರಿನಿಂದ ಶೀಟು ತರಿಸುವುದರಲ್ಲಿ ಅರ್ಥವಿಲ್ಲ. ವ್ಯಾಕ್ಸ್ ಹಚ್ಚಿದ ದಪ್ಪ ಗಾಜಿನ ಮೇಲೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಎರಡು ಪದರ. ಕ್ಲಿಪ್ ಬರುವ ಅಂಚಿನ ಸುತ್ತ 50 ಮಿ.ಮೀ. ಅಗಲದ ಮೂರನೇ ಪಟ್ಟಿ. ಸುಮಾರು 700ಕ್ಕೆ 400 ಮಿ.ಮೀ. ಅಳತೆಯ ಪ್ಯಾಡಿಗೆ ಒಂದು ಕಿಲೋ ರೆಸಿನ್ ಸಾಕು. ಹಾರ್ಡನರ್ ಕಿಲೋಗೆ 10ರಿಂದ 15 ಮಿ.ಲೀ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರವವನ್ನು ಮೊದಲು ರೆಸಿನ್ನಿಗೆ ಪೂರ್ತಿ ಬೆರೆಸಿ, ಆಮೇಲೆ ಹಾರ್ಡನರ್. ಕೋಬಾಲ್ಟ್ ಮತ್ತು ಹಾರ್ಡನರ್ ಒಂದಕ್ಕೊಂದು ನೇರವಾಗಿ ತಾಗಲೇಬಾರದು, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಸಿದ್ಧವಾದ ಹಲಗೆ ಒಂದು ಕಿಲೋ ಆಸುಪಾಸು ತೂಗುತ್ತದೆ. ಈ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಮಳೆ ಹಿಡಿದ ಮೇಲೆ ಮ್ಯಾಟ್ ತೇವ ಎಳೆದುಕೊಂಡು ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಹಲಗೆಯನ್ನು ಬಾಗಿಲಿನ ಅಳತೆಗೆ ತೆಗೆದ ರಟ್ಟಿನ ಅಚ್ಚಿನಂತೆಯೇ ಕತ್ತರಿಸಬೇಡಿ. ರೆಕ್ಸಿನ್ ಮಡಚಿದ ಮೇಲೆ ಅಂಚು ದಪ್ಪವಾಗುವುದರಿಂದ ಸುತ್ತಲೂ 3 ಮಿ.ಮೀ. ಕಡಿಮೆ ಇರಲಿ. ತಳದ ಅಂಚು ಬಾಗಿಲಿನ ತುಟಿಗಿಂತ 5 ಮಿ.ಮೀ. ಮೇಲಿರಲಿ. ಎಡ ಬಲಗಳಿಗೆ ಬೇರೆ ಬೇರೆ ಅಚ್ಚು ತೆಗೆಯಿರಿ. ಕೈಯಲ್ಲಿ ಮಾಡಿದ ಬಾಡಿಯಲ್ಲಿ ಎರಡು ಬಾಗಿಲು ಒಂದೇ ಅಳತೆ ಇರುತ್ತವೆ ಎಂದು ನಂಬಬಾರದು. ರಟ್ಟನ್ನು ಕಟ್ಟಿ ಗಾಜು ಪೂರ್ತಿ ಏರಿಸಿ ಇಳಿಸಿ, ಸೀಟಿನಲ್ಲಿ ಕುಳಿತು ಹ್ಯಾಂಡಲ್ ಸುತ್ತುವಾಗ ಮೊಣಕಾಲು ತಾಗುತ್ತದೆಯೇ ನೋಡಿ.

ಕ್ಲಿಪ್‌ಗಳ ನಡುವೆ 120ರಿಂದ 150 ಮಿ.ಮೀ. ಅಂತರ ಸಾಕು. ಸ್ಪ್ರಿಂಗ್ ಸ್ಟೀಲ್ ಕ್ಲಿಪ್ ಇಲ್ಲಿ ಬೇಗ ತುಕ್ಕು ಹಿಡಿದು ರೆಕ್ಸಿನ್ನಿಗೆ ಕಂದು ಕಲೆ ಬಿಡುತ್ತದೆ. ನೈಲಾನ್ ಕ್ಲಿಪ್ ಹಾಕಿ, ಪ್ರತಿಯೊಂದಕ್ಕೂ ಫೋಮ್ ವಾಷರ್ ಕೊಡಿ. ಹಳೇ ಕಾರಿನ ಕಳೆಗಾಗಿ ಕಪ್ ವಾಷರ್ ಸ್ಕ್ರೂ ಬೇಕೆಂದರೆ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ, ದೋಣಿ ಸಾಮಾನಿನ ಅಂಗಡಿಯಲ್ಲಿ ವಿಚಾರಿಸಿ. 304 ಗ್ರೇಡು ಸಮುದ್ರದ ಹತ್ತಿರ ಚಹಾ ಬಣ್ಣಕ್ಕೆ ತಿರುಗುತ್ತದೆ. ಮೇಲಿನ ಅಂಚಿಗೆ ಕ್ಲಿಪ್ ಬದಲು ಕೊಕ್ಕೆಯಂತೆ ಕೂರುವ ಚಾನೆಲ್ ಇದ್ದರೆ ಪ್ಯಾಡಿನ ಭಾರ ಅದರ ಮೇಲೆ ನಿಲ್ಲುತ್ತದೆ.

ಬಾಗಿಲು ಎಳೆಯುವ ಪಟ್ಟಿಯನ್ನು ಪ್ಯಾಡಿಗೆ ಕಟ್ಟಲೇಬೇಡಿ. ಪ್ರತಿ ಸಲ ಬಾಗಿಲು ಹಾಕುವ ಎಳೆತ ಅದರ ಮೇಲೆ ಬೀಳುತ್ತದೆ. ಬಾಗಿಲಿನ ಚೌಕಟ್ಟಿನಲ್ಲಿ ಎಂ6 ರಿವ್‌ನಟ್ (ರಿವೆಟ್‌ನಂತೆ ತೂತಿನಲ್ಲಿ ಬಿಗಿದು ಕೂರುವ ನಟ್) ಕೂರಿಸಿ, ಬೋಲ್ಟ್ ಪ್ಯಾಡಿನ ಮೂಲಕ ಹಾದುಹೋಗಲಿ. 1973ರ ಪೋರ್ಷೆ 911 ಕರೇರಾ ಆರ್‌ಎಸ್‌ನ ಹಗುರ ಆವೃತ್ತಿಯಲ್ಲಿ ಚಪ್ಪಟೆ ಪ್ಯಾಡು, ಲಾಕ್ ಬಿಡಿಸಲು ಒಂದು ಪಟ್ಟಿ ಇದ್ದವು. ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ. ಆರ್ಮ್‌ರೆಸ್ಟ್ ಹಾಕಿದರೆ ಇಕ್ಕಟ್ಟಿನ ಬಾಗಿಲಿನಲ್ಲಿ ಮೊಣಕೈಗೆ ಜಾಗ ಹೋಗುತ್ತದೆ. ಸ್ಪೀಕರಿಗೆ ಡ್ಯಾಶ್ ಕೆಳಗೆ ಜಾಗ ಹುಡುಕಿ, ಪ್ಯಾಡು ಕೊರೆಯಬೇಡಿ.

ಹೊದಿಕೆಗೆ ಚರ್ಮ ಬೇಡ; ಆಟಿ ತಿಂಗಳು (ಜುಲೈ-ಆಗಸ್ಟ್‌ನ ಮಳೆಗಾಲ) ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ರೆಕ್ಸಿನ್ ಕೊಳ್ಳುವಾಗ ಮೇಲ್ಮೈಗಿಂತ ಹಿಂದಿನ ಬಟ್ಟೆ ನೋಡಿ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಕರಗಿ ಕಪ್ಪು ಮಣಿಯಾದರೆ ಪಾಲಿಯೆಸ್ಟರ್, ಕಾಗದದ ವಾಸನೆ ಬಂದು ಬೂದಿಯಾದರೆ ಹತ್ತಿ. ಹತ್ತಿ ಇದ್ದರೆ ಬೂಷ್ಟು ಹಿಂದಿನಿಂದ ಹಬ್ಬಿ ಮುಂದೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಎಷ್ಟು ಒರೆಸಿದರೂ ಹೋಗದು. ಫೋಮ್ ಕೂಡ ಹಾಗೇ. ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ, ನೀರು ಬಂದರೆ ಬೇಡ. 3 ಮಿ.ಮೀ. ದಪ್ಪದ, ನೀರು ಹೀರದ ಇವಿಎ ಫೋಮ್ ಸಾಕು. ಪಟ್ಟಿ ಪಟ್ಟಿ ಹೊಲಿಗೆ ಬೇಕಿದ್ದರೆ 40 ಮಿ.ಮೀ. ಅಂತರ ಕಣ್ಣಿಗೆ ಹಿತ. ಪಾಲಿಯೆಸ್ಟರ್ ನೂಲು, 4ರಿಂದ 5 ಮಿ.ಮೀ. ಟಾಕು. ಟಾಕು ಸಣ್ಣದಾದರೆ ರೆಕ್ಸಿನ್ ಆ ಗೆರೆಯಲ್ಲೇ ಹರಿಯುತ್ತದೆ. ಹೊಲಿದಾಗ ಅಗಲ ಕುಗ್ಗುವುದರಿಂದ ಶೇ. 10 ಹೆಚ್ಚು ತೆಗೆದುಕೊಂಡು, ಹೊಲಿದ ಮೇಲೆ ಅಳತೆಗೆ ಕತ್ತರಿಸಿ. ಪ್ಯಾಡಿನ ಕೆಳಭಾಗಕ್ಕೆ ಕಾರ್ಪೆಟ್ ಅಂಟಿಸುವ ರೂಢಿ ಇದೆ. ತಣ್ಣೀರುಬಾವಿ ಬೀಚಿಗೆ ಹೋಗಿ ಬಂದವರ ಚಪ್ಪಲಿಯ ಒದ್ದೆ ಮರಳು ಅದರಲ್ಲಿ ಕೂತರೆ ಒಣಗುವುದೇ ಇಲ್ಲ. ಅಲ್ಲೂ ನಯವಾದ ರೆಕ್ಸಿನ್ ಇರಲಿ.

ಅಂಟಿಗೆ ಶಾಖ ತಡೆಯುವ ಸಿಂಥೆಟಿಕ್ ರಬ್ಬರ್ ಗಮ್. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಿ. ಮಳೆಗಾಲದಲ್ಲಿ ಗಮ್ ಆರುವಾಗ ಮೈ ತಣ್ಣಗಾಗಿ ಅದರ ಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ. ಅಂಟಿದ ಹಾಗೆ ಕಂಡದ್ದು ಮೊದಲ ಬಿಸಿಲಿಗೇ ಬಿಟ್ಟುಕೊಳ್ಳುವುದು ಈ ಕಾರಣಕ್ಕೆ. ಅಂಚಿನಲ್ಲಿ 25 ಮಿ.ಮೀ. ಒಳಕ್ಕೆ ಮಡಚಿ. ಹೊರಬಾಗಿದ ತಿರುವಿನಲ್ಲಿ ಮಡಿಕೆ ಒಂದರ ಮೇಲೊಂದು ಬಾರದಂತೆ ‘ವಿ’ ಆಕಾರದ ತುಂಡುಗಳನ್ನು ಕತ್ತರಿಸಿ ತೆಗೆಯಿರಿ. ಒಳಬಾಗಿದ ಕಡೆ ಬರೀ ಸೀಳು ಸಾಕು, ಅದೂ ಅಂಚಿಗೆ 3 ಮಿ.ಮೀ. ಮೊದಲೇ ನಿಲ್ಲಬೇಕು.

ಬಣ್ಣಕ್ಕೆ ಬಂದರೆ, ಓಪನ್ ಕಾರಿಗೆ ಕಪ್ಪಿಗಿಂತ ಗಾಢ ಟ್ಯಾನ್ ವಾಸಿ. ಬಿಸಿಲಿನಲ್ಲಿ ಕೈ ಸುಡುವುದು ಕಡಿಮೆ, ಉಪ್ಪಿನ ಬಿಳಿ ಗೆರೆಯೂ ಅಷ್ಟಾಗಿ ಕಾಣುವುದಿಲ್ಲ. ಅದೇ ರೋಲಿನಿಂದ ಅರ್ಧ ಮೀಟರ್ ಹೆಚ್ಚು ಕತ್ತರಿಸಿ, ಮಡಚದೆ ಸುತ್ತಿ ಇಟ್ಟುಕೊಳ್ಳಿ. ಮುಂದೆ ರಿಪೇರಿಗೆ ಬೇಕಾದಾಗ ಇನ್ನೊಂದು ರೋಲಿನ ಬಣ್ಣ ಹೊಂದುವುದಿಲ್ಲ.