ಎಸ್ಸೆಸ್ಸೆಲ್ಸಿ ಮುಗಿಸಿ ಪವರ್‌ಹೌಸ್‌ಗೆ: ಆಲಮಟ್ಟಿ ಕಡೆಯ ಮಕ್ಕಳಿಗೆ

ರಿಸಲ್ಟ್ ಬಂದ ಕೂಡಲೇ ನಿಡಗುಂದಿ, ಕೊಲ್ಹಾರ ಕಡೆಯ ಹುಡುಗರು ನನ್ನನ್ನು ಕೇಳುವುದು ಒಂದೇ: "ಅಣ್ಣಾರ, ಡ್ಯಾಮಿನ್ಯಾಗ ಕೆಲಸಾ ಬೇಕಂದ್ರ ಏನ್ ಓದಬೇಕ್ರೀ?"

ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಮೂರು ವರ್ಷ. ನಾನೂ ಅದನ್ನೇ ಓದಿ, ಡ್ಯಾಮಿನ ನೀರಿನಿಂದ ಕರೆಂಟ್ ತೆಗೆಯುವ ಪವರ್‌ಹೌಸ್ ಸೇರಿದವನು. ಮನೆಯವರು ಬಿಇನೇ ಆಗಬೇಕು ಅಂದರೆ ಆಮೇಲೆ ನೇರ ಎರಡನೇ ವರ್ಷಕ್ಕೆ ಸೇರಬಹುದು. ಸ್ಪ್ಯಾನರ್ ಹಿಡಿಯುವುದೇ ಇಷ್ಟ ಅನ್ನುವವರಿಗೆ ಐಟಿಐ ಇದೆ, ಎಲೆಕ್ಟ್ರಿಷಿಯನ್ ಇಲ್ಲವೇ ಫಿಟರ್.

ಸೀಟಿಗೆ ಅರ್ಜಿ ಹಾಕುವಾಗ ಮೀಸಲಾತಿಗೆ ಬೇಕಾಗುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಮರೆಯಬೇಡಿ. ಹೆಡ್‌ಮಾಸ್ತರರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಅಂತ ಓಡಾಟ ಇರುತ್ತದೆ. ಕೊನೆಯ ವಾರ ಹೋದರೆ ಮಾಸ್ತರರು ರಜೆಯಲ್ಲಿರುತ್ತಾರೆ, ಗ್ಯಾರಂಟಿ! ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಮೀಸಲಾತಿ ಕೊಡುವ 371ಜೆ ವಿಧಿ ನಮ್ಮ ವಿಜಯಪುರ ಜಿಲ್ಲೆಗೆ ಅನ್ವಯಿಸುವುದಿಲ್ಲ. ಕಲಬುರಗಿ ಗೆಳೆಯನ ಕಟ್‌ಆಫ್ ನೋಡಿ ಲೆಕ್ಕ ಹಾಕಬೇಡಿ.

ಇನ್ನು ಓದಿನ ಮಾತು. ಮಳೆಗಾಲದಲ್ಲಿ ಪೇಪರಿನಲ್ಲಿ ಆಲಮಟ್ಟಿಯ ಒಳಹರಿವು, ಹೊರಹರಿವು ಬರುತ್ತದೆ ಅಲ್ವಾ? ಅದನ್ನೇ ಪಾಠ ಮಾಡಿಕೊಳ್ಳಿ. ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಅಂಕಿಯನ್ನು 35.3ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಸಿಗುತ್ತದೆ. ಅದನ್ನು 9.81, ನೀರು ಬೀಳುವ ಎತ್ತರ, ಯಂತ್ರದ ದಕ್ಷತೆ ಇವುಗಳಿಂದ ಗುಣಿಸಿ. ಉತ್ತರ ಕಿಲೋವ್ಯಾಟ್‌ನಲ್ಲಿ ಬರುತ್ತದೆ. ಎತ್ತರ 25 ಮೀಟರ್, ನೀರು ಸೆಕೆಂಡಿಗೆ 250 ಘನ ಮೀಟರ್, ದಕ್ಷತೆ 0.9 ಅಂತ ಇಟ್ಟುಕೊಂಡರೆ ಸುಮಾರು 55,000 ಕಿಲೋವ್ಯಾಟ್, ಅಂದರೆ 55 ಮೆಗಾವ್ಯಾಟ್. ಆಲಮಟ್ಟಿಯಲ್ಲಿ ಈ ಅಳತೆಯ ಐದು ಯಂತ್ರಗಳಿವೆ, ಜೊತೆಗೆ 15 ಮೆಗಾವ್ಯಾಟ್‌ನದು ಒಂದು. ಒಟ್ಟು 290. ನಮ್ಮಲ್ಲಿ ಎತ್ತರ ಕಡಿಮೆ, ನೀರು ಜಾಸ್ತಿ. ಅದಕ್ಕೇ ಕಪ್ಲಾನ್ ಟರ್ಬೈನ್, ಅಂದರೆ ಫ್ಯಾನಿನ ಹಾಗೆ ರೆಕ್ಕೆಗಳಿರುವ ಚಕ್ರ. ಶರಾವತಿಯಲ್ಲಿ ಎತ್ತರ ಜಾಸ್ತಿ, ಹಾಗಾಗಿ ಅಲ್ಲಿ ಪೆಲ್ಟನ್, ಅಂದರೆ ಅಂಚಿನ ಬಟ್ಟಲುಗಳಿಗೆ ನೀರು ಚಿಮ್ಮಿ ಬಡಿದು ತಿರುಗುವ ಚಕ್ರ. ಇಷ್ಟನ್ನು ನಿಮ್ಮ ಮಾತಿನಲ್ಲಿ ಹೇಳಲು ಬಂದರೆ ಗೈಡ್ ಪುಸ್ತಕ ಬಾಯಿಪಾಠ ಮಾಡಿದವನಿಗಿಂತ ನೀವೇ ಮುಂದೆ.

ಡಿಪ್ಲೊಮಾ ಆದ ಮೇಲೆ ಸುಮ್ನೆ ಮನೆಯಲ್ಲಿ ಕೂರಬೇಡಿ, ಒಂದು ವರ್ಷ ಅಪ್ರೆಂಟಿಸ್ ಆಗಿ. ಕೆಪಿಸಿಎಲ್ (ಕರ್ನಾಟಕ ವಿದ್ಯುತ್ ನಿಗಮ) ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಪವರ್‌ಹೌಸ್‌ನಲ್ಲೇ ಅಪ್ರೆಂಟಿಸ್ ಸಿಗದಿದ್ದರೆ ಬಾಗಲಕೋಟೆ, ಬೆಳಗಾವಿ ಕಡೆಯ ಸಕ್ಕರೆ ಫ್ಯಾಕ್ಟರಿಗಳ ಕೋಜನ್ (ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ತೆಗೆಯುವ) ವಿಭಾಗಕ್ಕೆ ಹೋಗಿ. ಅಲ್ಲಿ ಟರ್ಬೈನ್ ತಿರುಗಿಸುವುದು ಹಬೆ, ಅಷ್ಟೇ ವ್ಯತ್ಯಾಸ. ಜನರೇಟರ್, ಬ್ರೇಕರ್, ರಿಲೇ, ಟ್ರಾನ್ಸ್‌ಫಾರ್ಮರ್ ಎಲ್ಲ ಅವೇ. ವೋಲ್ಟೇಜ್, ಫ್ರೀಕ್ವೆನ್ಸಿ, ಫೇಸ್ ಹೊಂದಿಸಿ ಯಂತ್ರವನ್ನು ಗ್ರಿಡ್‌ಗೆ ಸೇರಿಸುವ ಸಿಂಕ್ರೊನೈಸಿಂಗ್ ಅನ್ನು ಪಕ್ಕದಲ್ಲಿ ನಿಂತು ನೋಡಿ. ತರಗತಿಯಲ್ಲಿ ಅದು ತಲೆಗೆ ಹತ್ತುವುದಿಲ್ಲ.

ಕೆಲಸ ಸಿಕ್ಕ ಮೇಲೆ ಶಿಫ್ಟ್ ಶುರು. ಬೇರಿಂಗ್ ಬಿಸಿ, ಎಣ್ಣೆಯ ಒತ್ತಡ, ಸ್ಟೇಟರ್ (ಜನರೇಟರಿನ ತಿರುಗದ ಭಾಗ) ಬಿಸಿ ಎಲ್ಲ ಗಂಟೆಗೊಮ್ಮೆ ಲಾಗ್‌ಶೀಟ್‌ಗೆ ಬರೆಯಬೇಕು. ನೋಡದೆ ಹಿಂದಿನ ಗಂಟೆಯ ಅಂಕಿಯನ್ನೇ ಇಳಿಸುವ ಚಟ ಮಾತ್ರ ಬೇಡ. ಬೇರಿಂಗ್ ಕೆಡುವ ಮೊದಲು ಸುಳಿವು ಸಿಗುವುದು ಆ ಕಾಲಂನಲ್ಲೇ. ಕೃಷ್ಣಾ ನದಿ ಹುಟ್ಟುವ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ನಮಗೆ ಕೈತುಂಬ ಕೆಲಸ, ನಾಗರ ಪಂಚಮಿಗೆ ರಜೆ ಕೇಳುವ ಹಾಗಿಲ್ಲ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ. ಯಂತ್ರ ಬಿಚ್ಚಿ ರಿಪೇರಿ ಮಾಡುವ ಕೆಲಸ ಬೇಸಿಗೆಗೆ. ಹೊಸಬರು ಆ ತಂಡಕ್ಕೆ ಹೆಸರು ಕೊಡಿ. ಟರ್ಬೈನ್ ಒಳಗೆ ಇಳಿದು ನೋಡುವ ಅವಕಾಶ ಬೇರೆ ತಿಂಗಳಲ್ಲಿ ಸಿಗುವುದು ಕಷ್ಟ.