ತೊಗಲಿನ ಚೀಲಕ್ಕೆ ಎಣ್ಣೆ ಕಡಿಮೆ, ಗಾಳಿ ಜಾಸ್ತಿ

ಚರ್ಮದ ಚೀಲ ಹೊಲಿಯುವುದು, ರಿಪೇರಿ ಮಾಡುವುದು ನನ್ನ ಕೆಲಸ. ರಿಪೇರಿಗೆ ಬರುವ ಚೀಲಗಳಲ್ಲಿ ಯಾರೂ ನೋಡಿಕೊಳ್ಳದೆ ಹಾಳಾದವು ಕಡಿಮೆ. ಅತಿಯಾಗಿ ನೋಡಿಕೊಂಡು ಹಾಳಾದವೇ ಜಾಸ್ತಿ. ಎಣ್ಣೆ ಕುಡಿದು ಕುಡಿದು ಜೋತುಬಿದ್ದ ಚೀಲ. ಹೇರ್ ಡ್ರೈಯರ್ ಹಿಡಿದು ಮುರುಟಿಹೋದ ಮುಚ್ಚಳ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಕಟ್ಟಿಟ್ಟು ಬೂಷ್ಟು ಹಿಡಿದ ಪಟ್ಟಿ. ಇವೆಲ್ಲ ಪ್ರೀತಿಯಿಂದಲೇ ಮಾಡಿದ್ದು. ಆದರೆ ಕೈಯಲ್ಲಿರುವುದು ಎಂಥ ಚರ್ಮ ಅಂತ ಗೊತ್ತಿಲ್ಲದಿದ್ದರೆ ಪ್ರೀತಿಯಿಂದ ಏನೂ ಪ್ರಯೋಜನವಿಲ್ಲ.

ಹಸಿ ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ಕೊಳೆಯದಂತೆ ಹದ ಮಾಡಬೇಕು. ಗಿಡಮರಗಳಿಂದ ಹದ ಮಾಡುವಾಗ ಆ ಕೆಲಸ ಟ್ಯಾನಿನ್‌ನದು, ಅಂದರೆ ತೊಗಟೆ, ಕಾಯಿ, ಮರದ ತಿರುಳಿನಲ್ಲಿರುವ ಒಗರಿನದು. ಅಳಲೆಕಾಯಿ ಕಚ್ಚಿದರೆ ನಾಲಿಗೆ ಬಿಗಿದಂತಾಗುತ್ತದೆ ಅಲ್ವಾ? ಜೊಲ್ಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಳ್ಳುವುದರಿಂದ ಹಾಗಾಗುತ್ತದೆ. ತೊಗಲಿನಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನೂ ಅದು ಹೀಗೇ ಹಿಡಿಯುತ್ತದೆ. ಅಳಲೆಕಾಯಿ, ತಂಗಡಿ ತೊಗಟೆ, ಮಿಮೋಸಾ ತೊಗಟೆ, ದಕ್ಷಿಣ ಅಮೆರಿಕದ ಕೆಬ್ರಾಚೊ ಮರ, ಯುರೋಪಿನ ಓಕ್ ಮತ್ತು ಚೆಸ್ಟ್‌ನಟ್, ಒಂದೊಂದೂ ಒಂದೊಂದು ಬಣ್ಣ ಕೊಡುತ್ತದೆ. ಕೆಲಸಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಹಳೇ ಕ್ರಮದ ಓಕ್ ತೊಗಟೆಯ ಗುಂಡಿಗಳಲ್ಲಾದರೆ ವರ್ಷವೇ ಆಗುತ್ತದೆ. ಕ್ರೋಮಿಯಂ ಉಪ್ಪಿನ ಹದ ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂತು. ಅಮೆರಿಕದಲ್ಲಿ 1884ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ತಿಂಗಳ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಇವತ್ತು ಸಿಗುವ ಚರ್ಮದಲ್ಲಿ ಹೆಚ್ಚಿನ ಪಾಲು ಕ್ರೋಮ್‌ನದೇ.

ಹಾಗಾದರೆ ಗಿಡಮರದ ಹದದ ಚೀಲ ಯಾಕೆ ಬೇಕು? ನನಗೆ ಮೊದಲ ಕಾರಣ ಅದರ ಗಡಸು. ಒಳಗೆ ರಟ್ಟು, ಫೋಮ್ ಏನೂ ಇಲ್ಲದೆ ತನ್ನಷ್ಟಕ್ಕೆ ನಿಲ್ಲುತ್ತದೆ. ಅಂಚನ್ನು ಒದ್ದೆ ಮಾಡಿ ಉಜ್ಜಿದರೆ ಗಾಜಿನಂತೆ ನುಣುಪಾಗುತ್ತದೆ. ಅಂಚಿಗೆ ಬಣ್ಣ ಬಳಿಯುವ ಅಗತ್ಯವಿಲ್ಲ, ಹಾಗಾಗಿ ಬಣ್ಣ ಬಿರಿದು ಉದುರುವ ತಲೆನೋವೂ ಇಲ್ಲ. ಎರಡನೆಯದು, ಬೆಳಕು, ಕೈಯ ಎಣ್ಣೆ, ತಿಕ್ಕಾಟ ಎಲ್ಲ ಸೇರಿ ಬಣ್ಣ ತಿರುಗುವುದು. ತಿಳಿ ಬಿಸ್ಕತ್ ಬಣ್ಣದ್ದು ನಿಧಾನಕ್ಕೆ ಜೇನುಬಣ್ಣಕ್ಕೆ, ಆಮೇಲೆ ಗಾಢ ಕಂದಿಗೆ ಹೋಗುತ್ತದೆ. ಮೂರನೆಯದು, ಕ್ರೋಮಿಯಂ ಅಲರ್ಜಿ ಇರುವವರಿಗೆ ಇದು ಒಳ್ಳೆಯದು. ಮೈಗೆ ತಾಗುವ ಚರ್ಮದ ಸಾಮಾನಿನಲ್ಲಿ ಕ್ರೋಮಿಯಂ-6 (ಅಲರ್ಜಿ ತರುವ ಕ್ರೋಮಿಯಂ ರೂಪ) ಕಿಲೋಗೆ 3 ಮಿಲಿಗ್ರಾಂ ಮುಟ್ಟಬಾರದು ಅಂತ ಯುರೋಪಿಯನ್ ಒಕ್ಕೂಟ 2015ರಿಂದ ನಿಯಮ ಹಾಕಿರುವುದು ಸುಮ್ನೆ ಅಲ್ಲ.

ಆದರೆ ‘ಪರಿಸರಕ್ಕೆ ಏನೂ ತೊಂದರೆ ಇಲ್ಲ’ ಅಂತ ಮಾರುವವರನ್ನು ನಾನು ನಂಬುವುದಿಲ್ಲ. ಈ ಹದಕ್ಕೂ ನೀರು ಬೇಕಾದಷ್ಟು ಬೇಕು. ಹೊರಬರುವ ಕಂದು ನೀರಿನಲ್ಲಿರುವ ಟ್ಯಾನಿನ್ ಬೇಗ ಕೊಳೆತು ಹೋಗುವಂಥದ್ದಲ್ಲ, ಅದನ್ನೂ ಶುದ್ಧ ಮಾಡಿಯೇ ಬಿಡಬೇಕು. ಜೊತೆಗೆ ಚೀಲ ಭಾರ, ಗೀರು ಬೇಗ ಕಾಣುತ್ತದೆ, ನೀರು ಬಿದ್ದರೆ ಕಲೆ. ಇದು ಒಪ್ಪಿಗೆ ಇಲ್ಲದವರು ಕ್ರೋಮ್ ಚೀಲವನ್ನೇ ತೆಗೆದುಕೊಳ್ಳಿ, ಅದರಲ್ಲಿ ಅವಮಾನ ಏನಿಲ್ಲ.

ಕೊಳ್ಳುವಾಗ

ಕತ್ತರಿಸಿದ ಅಂಚು ನೋಡಿ. ಹೊರಗಿನಿಂದ ಒಳಗಿನವರೆಗೆ ಕಂದು ಇದ್ದರೆ ಒಳ್ಳೆಯ ಸೂಚನೆ. ಮಧ್ಯದಲ್ಲಿ ನೀಲಿ ಬೆರೆತ ಬೂದು ಗೆರೆ ಕಂಡರೆ ಕ್ರೋಮ್. ಕಾಣದ ಜಾಗದಲ್ಲಿ ಒಂದು ಹನಿ ನೀರು ಇಟ್ಟು ನೋಡಿ: ಮೇಲೆ ಲೇಪ ಇಲ್ಲದ ಗಿಡಮರದ ಹದ ನೀರನ್ನು ಎಳೆದುಕೊಂಡು ಕಪ್ಪಾಗುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ‘ಜೆನ್ಯುಯಿನ್ ಲೆದರ್’ ಅನ್ನುವ ಮುದ್ರೆ ಹದದ ಬಗ್ಗೆ ಏನೂ ಹೇಳುವುದಿಲ್ಲ. ‘ಕ್ರೋಮ್ ಫ್ರೀ’ ಅಂದರೂ ಅಷ್ಟೇ. ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಹದ ಮಾಡಿದ್ದೂ ಕ್ರೋಮ್ ಫ್ರೀಯೇ. ಗಿಡಮರದ ಹದವೇ ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಕೇಳಿ.

ದಿನದ ಬಳಕೆ

ಹೊಸ ಚೀಲವನ್ನು ಕಿಟಕಿ ಪಕ್ಕ ಒಂದೇ ಭಂಗಿಯಲ್ಲಿ ಬಿಡಬೇಡಿ. ಮೇಲೆ ಪಟ್ಟಿ ಬಿದ್ದ ಜಾಗ ಬೆಳ್ಳಗೇ ಉಳಿದು ಉಳಿದದ್ದೆಲ್ಲ ಕೆಂಪಗಾಗುತ್ತದೆ. ಹೊಸ ಜೀನ್ಸ್‌ಗೆ ತಾಗಿಸಿ ಓಡಾಡಬೇಡಿ. ತಿಳಿ ಚರ್ಮ ನೀಲಿ ಕುಡಿದರೆ ಬಿಡಿಸುವುದು ನನ್ನ ಕೈಯಲ್ಲೂ ಆಗುವುದಿಲ್ಲ. ವಾರಕ್ಕೊಮ್ಮೆ ಚೀಲ ಖಾಲಿ ಮಾಡಿ, ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಹೊಲಿಗೆಯ ಸಾಲನ್ನು ಮೆತ್ತನೆಯ ಬ್ರಷ್‌ನಿಂದ ಗುಡಿಸಿ. ಸಣ್ಣ ಗೀರನ್ನು ಬೆರಳಿನಿಂದ ಬಿಸಿಯಾಗುವ ತನಕ ತಿಕ್ಕಿದರೆ ಬಹುಪಾಲು ಮಾಯವಾಗುತ್ತದೆ. ಸ್ಯಾನಿಟೈಸರ್, ಒದ್ದೆ ಟಿಶ್ಯೂ, ಪಾತ್ರೆ ಸೋಪು ಹತ್ತಿರ ತರಬೇಡಿ. ಚರ್ಮದ ಗುಣ ಸ್ವಲ್ಪ ಹುಳಿ, ಅಂದರೆ ಆಮ್ಲೀಯ. ಕ್ಷಾರದ ಸೋಪು ಅದಕ್ಕೆ ಆಗಿಬರುವುದಿಲ್ಲ.

ನೀರು ಮತ್ತು ಕಬ್ಬಿಣ

ಮಳೆಯಲ್ಲಿ ನೆನೆಯಿತಾ? ಉಜ್ಜಬೇಡಿ, ಬಟ್ಟೆ ಒತ್ತಿ ನೀರು ಹೀರಿಸಿ. ಒಳಗೆ ಬಿಳಿ ಕಾಗದ ತುಂಬಿ ಆಕಾರ ಕೂರಿಸಿ. ಹಳೇ ಪೇಪರ್ ಬೇಡ, ಮಸಿ ಹತ್ತುತ್ತದೆ. ನಾಲ್ಕು ಹನಿ ಬಿದ್ದು ಕಲೆ ಆಗಿದ್ದರೆ ಆ ಜಾಗವನ್ನಷ್ಟೇ ಒರೆಸಿ ಪ್ರಯೋಜನವಿಲ್ಲ, ಹನಿಯ ಅಂಚು ಗೆರೆಯಾಗಿ ನಿಲ್ಲುತ್ತದೆ. ಒದ್ದೆ ಬಟ್ಟೆ ಹಿಂಡಿ, ಆ ಭಾಗವನ್ನು ಹೊಲಿಗೆಯಿಂದ ಹೊಲಿಗೆಯವರೆಗೆ ಪೂರ್ತಿ ಒಂದೇ ಸಮ ತೇವ ಮಾಡಿ, ಒಟ್ಟಿಗೆ ಒಣಗಲು ಬಿಡಿ. ನೆರಳು, ಗಾಳಿ, ಒಂದೆರಡು ದಿನ. ಬಿಸಿ ಮಾತ್ರ ಬೇಡ. ಒದ್ದೆಯಿರುವ ಗಿಡಮರದ ಹದದ ಚರ್ಮ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮುದುಡಿಬಿಡುತ್ತದೆ. ಮತ್ತೆ ಬಿಡಿಸಲು ಬರುವುದಿಲ್ಲ. ಕ್ರೋಮ್ ಚರ್ಮ ಹೆಚ್ಚು ಕಡಿಮೆ ಕುದಿಯುವ ನೀರನ್ನೂ ತಡೆಯುತ್ತದೆ. ಡ್ರೈಯರ್ ಹಿಡಿಯುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ.

ನೀರಿಗಿಂತ ನಾನು ಹೆದರುವುದು ಒದ್ದೆ ಕಬ್ಬಿಣಕ್ಕೆ. ಒದ್ದೆ ಚೀಲದ ಮೇಲೆ ಒಂದು ಕಬ್ಬಿಣದ ಬೀಗ, ಹೇರ್‌ಪಿನ್, ತುಕ್ಕು ಹಿಡಿದ ಕೀಗೊಂಚಲು ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ನೀಲಿ-ಕಪ್ಪು ಕಲೆ ಮೂಡುತ್ತದೆ. ಕೊಳೆ ಅಂದುಕೊಂಡು ಜನ ಉಜ್ಜುತ್ತಾರೆ. ಅದು ಕೊಳೆಯಲ್ಲ, ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಹುಟ್ಟಿದ ಬಣ್ಣ. ಹಿಂದೆ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೂ ಇದೇ ಜೋಡಿಯಿಂದ. ನಾವು ಬೇಕೆಂದೇ ಕಪ್ಪು ಚರ್ಮ ಮಾಡಲು ಕಬ್ಬಿಣದ ಚೂರನ್ನು ವಿನೆಗರ್‌ನಲ್ಲಿ ನೆನೆಹಾಕಿ ಬಳಿಯುವುದುಂಟು. ಹೊಸ ಕಲೆಯಾದರೆ ನಿಂಬೆರಸವನ್ನು ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಒತ್ತಿ. ಕಲೆ ತಿಳಿಯಾದ ಮೇಲೆ ಒದ್ದೆ ಬಟ್ಟೆಯಲ್ಲಿ ಹುಳಿ ಉಳಿಯದಂತೆ ತೆಗೆಯಿರಿ. ಮೊದಲು ಕಾಣದ ಮೂಲೆಯಲ್ಲಿ ಮಾಡಿ ನೋಡಿ, ನಿಂಬೆ ಚರ್ಮದ ಬಣ್ಣವನ್ನೂ ಸ್ವಲ್ಪ ತೆಗೆಯುತ್ತದೆ. ಕೊಳ್ಳುವಾಗಲೇ ಬಕಲ್, ಕೊಂಡಿಗಳು ಹಿತ್ತಾಳೆಯವಾ ಅಂತ ನೋಡಿಕೊಂಡರೆ ಅರ್ಧ ಕಾಟ ತಪ್ಪಿತು.

ಎಣ್ಣೆ, ಬೂಷ್ಟು

ವರ್ಷಕ್ಕೆ ಎರಡು ಸಲ ಸಾಕು. ಒಣ ಹವೆ ಇದ್ದರೆ ಮೂರು. ಕ್ಯಾಲೆಂಡರ್ ನೋಡುವುದಕ್ಕಿಂತ ಚೀಲವನ್ನೇ ನೋಡಿ: ಮಡಿಕೆಯ ಜಾಗದಲ್ಲಿ ಬಿಳಿಚಿದ ಗೆರೆ ಬಂದು, ಮುಟ್ಟಿದರೆ ಒರಟು ಅನ್ನಿಸಿದಾಗ ಹಚ್ಚುವ ಹೊತ್ತು. ಜೇನುಮೇಣ ಬೆರೆತ ಚರ್ಮದ ಕ್ರೀಮ್ ಅಥವಾ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆದದ್ದು) ಇರಲಿ. ಕಡಲೆಕಾಳಿನಷ್ಟನ್ನು ಬಟ್ಟೆಗೆ ಹಾಕಿ, ಚರ್ಮಕ್ಕೆ ನೇರ ಹಾಕಬೇಡಿ. ತೆಳ್ಳಗೆ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಣ ಬಟ್ಟೆಯಲ್ಲಿ ಉಜ್ಜಿ. ಇನ್ನೂ ಒಣಕಲಾಗಿದ್ದರೆ ಇನ್ನೊಮ್ಮೆ, ಅಷ್ಟೇ. ಜಾಸ್ತಿ ಎಣ್ಣೆ ಕುಡಿದರೆ ಎಳೆಗಳು ಸಡಿಲವಾಗುತ್ತವೆ, ಪಟ್ಟಿ ಉದ್ದವಾಗುತ್ತದೆ, ಹೊಲಿಗೆಯ ತೂತು ಅಗಲವಾಗುತ್ತದೆ. ಹಾಕಿದ ಎಣ್ಣೆಯನ್ನು ಪೂರ್ತಿ ವಾಪಸ್ ತೆಗೆಯಲು ಆಗುವುದಿಲ್ಲ. ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಬೇಡವೇ ಬೇಡ. ದಿನ ಕಳೆದ ಮೇಲೆ ಕಮಟು ವಾಸನೆ ಬರುತ್ತದೆ. ಚಳಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದಂತೂ ಎಲ್ಲರಿಗೂ ಗೊತ್ತು.

ಚೀಲದ ಮೇಲೆ ಬಿಳಿ ಕಂಡರೆ ಗಾಬರಿ ಬೇಡ. ಅಂಗೈ ಒತ್ತಿ ಬಿಸಿ ಕೊಟ್ಟಾಗ ಕರಗಿ ಹೋದರೆ ಅದು ಒಳಗಿನ ಕೊಬ್ಬು, ಮೇಲೆ ಬಂದಿದೆ, ಒರೆಸಿದರೆ ಆಯಿತು. ಹತ್ತಿಯಂತೆ ನವಿರಾಗಿದ್ದು ಮುಗ್ಗಲು ವಾಸನೆ ಇದ್ದರೆ ಬೂಷ್ಟು. ಹೊರಗೆ ಒಯ್ದು ಬ್ರಷ್ ಮಾಡಿ, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಗಾಳಿಗೆ ಇಡಿ. ಆ ಬ್ರಷ್ ಬೇರೆ ಚೀಲಕ್ಕೆ ಬಳಸಬೇಡಿ. ಎತ್ತಿಡುವುದಾದರೆ ಹತ್ತಿಬಟ್ಟೆಯ ಚೀಲದಲ್ಲಿ, ಒಳಗೆ ಕಾಗದ ತುಂಬಿ, ಕೂರಿಸಿ ಇಡಿ. ಪಟ್ಟಿಯಿಂದ ನೇತುಹಾಕಬೇಡಿ.

ಹೊಲಿಗೆ ಬಿಟ್ಟರೆ ಅಂಟು ಹಾಕಲು ಹೋಗಬೇಡಿ. ಅಂಟು ಮೆತ್ತಿದ ಚರ್ಮದಲ್ಲಿ ಸೂಜಿ ಸರಿಯಾಗಿ ಓಡುವುದಿಲ್ಲ. ಎರಡು ಸೂಜಿಯಲ್ಲಿ ಕೈಯಿಂದ ಹೊಲಿದ ಚೀಲವಾದರೆ ಒಂದು ಎಳೆ ತುಂಡಾದರೂ ಇನ್ನೊಂದು ಹಿಡಿದಿರುತ್ತದೆ, ಹಾಗಾಗಿ ಅವಸರವಿಲ್ಲ. ಮಿಷಿನ್ ಹೊಲಿಗೆ ಬಿಚ್ಚುತ್ತಾ ಹೋಗುತ್ತದೆ, ಬೇಗ ರಿಪೇರಿಗೆ ಕೊಡಿ. ಕೊಡುವಾಗ ಒಂದು ಮಾತು ಹೇಳಿ: ಹಳೇ ತೂತುಗಳಲ್ಲೇ ಹೊಲಿಯಿರಿ, ಹೊಸ ತೂತು ಹಾಕಬೇಡಿ. ತೂತಿನ ಪಕ್ಕ ತೂತು ಬಿದ್ದರೆ ಆ ಸಾಲೇ ಹರಿದು ಬರುತ್ತದೆ.